ನಾಲ್ವರ ಕಛೇರಿ

ಹಲವು ವರ್ಷಗಳ ಹಿಂದಿನ ಮಾತು. ದೊಡ್ಡ ಊರೊಂದರ ಸಭಾಂಗಣದಲ್ಲಿ ಪಾಶ್ಚಾತ್ಯ ಸಂಗೀತದ ಕಛೇರಿಯೊಂದಕ್ಕೆ ಹೋಗಿದ್ದೆ. ವೇದಿಕೆಯ ಮೇಲೆ ನಾಲ್ಕು ಕುರ್ಚಿ, ಸ್ವರಲಿಪಿಯ ಹಾಳೆಗಳನ್ನಿಡಲು ನಾಲ್ಕು ಪೀಠ, ಬೇರೇನೂ ಇರಲಿಲ್ಲ. ಕೈಗೆ ಕೊಟ್ಟ ಪಟ್ಟಿಯಲ್ಲಿ ಮೂರು ಕೃತಿಗಳಿದ್ದವು: ಮೊದಲು ಹೈಡನ್ನನದು, ನಡುವೆ ಆಗ ಬದುಕಿದ್ದ ಒಬ್ಬ ರಚನಕಾರರದು, ಕೊನೆಗೆ ಬೀಥೋವನ್ನನದು. ಹೈಡನ್ನನನ್ನು ಕೇಳಿ ಸುಖಪಟ್ಟೆವು. ಎರಡನೆಯ ಕೃತಿಯ ಮೊದಲ ಭಾಗ ಮುಗಿದು, ವಾದಕರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾಗ ನನ್ನ ಪಕ್ಕದವರು ಎದ್ದರು. ಅವರ ಹಿಂದೆಯೇ ನಾನೂ ಎದ್ದೆ. ಹೊರಗೆ ಕಾಫಿ ಕುಡಿಯುತ್ತ ನಿಂತವರು ನಾವಿಬ್ಬರೇ ಅಲ್ಲ. ಅಲ್ಲಿಯೂ ಒಂದು ಸಣ್ಣ ಸಭೆಯೇ ಸೇರಿತ್ತು. "ಇದು ಸಂಗೀತವೋ, ಬೆಕ್ಕುಗಳ ಜಗಳವೋ?" ಎಂದು ಯಾರೋ ಅಂದರು, ಎಲ್ಲರೂ ನಕ್ಕೆವು. ಬೀಥೋವನ್ ಮೊದಲಾಗುವ ಹೊತ್ತಿಗೆ ಭಯಭಕ್ತಿಯಿಂದ ಒಳಗೆ ಬಂದು ಕುಳಿತೆವು. ಅಂದು ನುಡಿಸಿದ್ದು ಅವನ 130ನೆಯ ಸಂಖ್ಯೆಯ ಕೃತಿ, ಅದರ ತುದಿಯಲ್ಲಿ 'ಮಹಾ ಫ್ಯೂಗ್' ಎಂಬ ಆ ದೊಡ್ಡ ಭಾಗ. ಮುಗಿದಾಗ ಎಲ್ಲರೊಡನೆ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಅಂದು ನನಗೆ ಒಂದು ಸಂಗತಿ ತಿಳಿದಿರಲಿಲ್ಲ. ಯಾವುದಕ್ಕಾಗಿ ನಾನು ಒಳಗೆ ಬಂದೆನೋ, ಅದನ್ನೇ 1826ರಲ್ಲಿ ಕೇಳಿದ ವಿಯನ್ನಾದ ಜನ, ನಾನು ಯಾವುದರಿಂದ ಹೊರಗೆ ಓಡಿದೆನೋ ಅದರಂತೆಯೇ ಭಾವಿಸಿದ್ದರು. ಇದನ್ನು ಅರಿತ ಮೇಲೆ ಈ ನಾಲ್ವರ ಸಂಗೀತದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಿದೆ. ಓದಿದಂತೆಲ್ಲ, ಅದು ರಚನಕಾರರ ಚರಿತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ನುಡಿಸಿದವರ ಮತ್ತು ಎದ್ದು ಹೋಗದೆ ಕುಳಿತವರ ಚರಿತ್ರೆ ಎಂದು ನನಗೆ ತೋರಿತು.

ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಚೆಲ್ಲೊ: ಇವು ನಾಲ್ಕೂ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ನಾವು ಇದನ್ನು ತಂತಿವಾದ್ಯಗಳ ಚತುಷ್ಟಯ ಎನ್ನಬಹುದು. ನಮ್ಮ ಕಛೇರಿಯಲ್ಲಿ ಮುಖ್ಯ ಗಾಯಕರು ಒಬ್ಬರು, ಉಳಿದವರು ಪಕ್ಕವಾದ್ಯದವರು. ಚತುಷ್ಟಯದಲ್ಲಿ ಪಕ್ಕವಾದ್ಯವೆಂಬುದಿಲ್ಲ, ತಾಳ ಹಿಡಿದು ನಡೆಸುವವರೂ ಇಲ್ಲ. ನಾಲ್ವರೂ ಸಮಾನರು. ಒಬ್ಬರು ತಪ್ಪಿದರೆ ಅದನ್ನು ಮುಚ್ಚುವ ಗದ್ದಲ ಅಲ್ಲಿಲ್ಲ. ನಾಲ್ಕು ಜನ ವಿವೇಕಿಗಳು ಕುಳಿತು ಸಂಭಾಷಿಸುವುದನ್ನು ಕೇಳಿದಂತೆ ಎಂದು ಕವಿ ಗಯಟೆ 1829ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಇದನ್ನು ಬಣ್ಣಿಸಿದ್ದಾನೆ. ಇದರ ಗುಣವೂ ಕಷ್ಟವೂ ಅದರಲ್ಲೇ ಇದೆ.

ಇದು ಹುಟ್ಟಿದ್ದು ಸಭಾಂಗಣದಲ್ಲಿ ಅಲ್ಲ, ಮನೆಯಲ್ಲಿ. 1750ರ ದಶಕದ ಕೊನೆಯ ಭಾಗದಲ್ಲಿ ಆಸ್ಟ್ರಿಯದ ಮೆಲ್ಕ್ ಊರಿನಿಂದ ಅಷ್ಟೇನೂ ದೂರವಲ್ಲದ ವೈನ್‌ತ್ಸಿಯರ್ಲ್ ಎಂಬಲ್ಲಿ ಫ್ಯೂರ್ನ್‌ಬರ್ಗ್ ಎಂಬ ಶ್ರೀಮಂತನ ಬಂಗಲೆಯಿತ್ತು. ಅಲ್ಲಿನ ಪಾದ್ರಿ, ಅವನ ಪಾರುಪತ್ತೇಗಾರ, ಚೆಲ್ಲೊ ಬಲ್ಲ ಇನ್ನೊಬ್ಬ, ಇವರ ಜೊತೆಗೆ ಇಪ್ಪತ್ತೈದರ ಆಸುಪಾಸಿನ ಹೈಡನ್: ನಾಲ್ವರು ಸಿಕ್ಕಿದರು. ನಾಲ್ವರೇ ನುಡಿಸುವಂಥದೊಂದನ್ನು ಬರೆದುಕೊಡು ಎಂದು ಯಜಮಾನ ಕೇಳಿದ, ಹೈಡನ್ ಬರೆದ. ಹೈಡನ್ನನ ಮೊದಲ ಜೀವನಚರಿತ್ರಕಾರರಲ್ಲಿ ಒಬ್ಬನು ಅವನ ಬಾಯಿಂದ ಕೇಳಿ ಬರೆದಿಟ್ಟ ವೃತ್ತಾಂತ ಇದು. ಮನೆಯಲ್ಲಿ ಕೈಗೆ ಸಿಕ್ಕಿದ ಸಾಮಗ್ರಿಯಿಂದ ಮಾಡಿದ ಅಡುಗೆ ಊರಿಗೇ ರುಚಿಯಾದಂತೆ, ಈ ನಾಲ್ವರ ಪದ್ಧತಿ ಯೂರೋಪಿಗೆಲ್ಲ ಹಬ್ಬಿತು. ಹೈಡನ್ ತನ್ನ ಜೀವಮಾನದಲ್ಲಿ ಇಂಥ ಅರುವತ್ತಕ್ಕೂ ಮಿಕ್ಕ ಕೃತಿಗಳನ್ನು ಬರೆದ. ಇಂದು ನಾವು 'ಶಾಸ್ತ್ರೀಯ' ಎಂದು ಕರೆಯುವ ಅವುಗಳಲ್ಲಿ ಒಂದೊಂದೂ ಬರೆದ ದಿನ ಹೊಸದೇ ಆಗಿತ್ತು.

ಹೊಸದಾಗಿದ್ದಾಗ ಅವು ಎಲ್ಲರಿಗೂ ಹಿಡಿಸಿದವೆ? 1785ರಲ್ಲಿ ಮೋಟ್ಸಾರ್ಟ್ ಆರು ಚತುಷ್ಟಯಗಳನ್ನು ಪ್ರಕಟಿಸಿ ಹೈಡನ್ನನಿಗೆ ಅರ್ಪಿಸಿದ. ಅವುಗಳಲ್ಲಿ ಕೊನೆಯದಕ್ಕೆ 'ವಿಸಂವಾದಿ' ಎಂಬ ಅರ್ಥದ ಹೆಸರು ಅಂಟಿಕೊಂಡಿದೆ. ಅದರ ಆರಂಭದ ನಿಧಾನಗತಿಯ ಭಾಗದಲ್ಲಿ ಸ್ವರಗಳು ಒಂದರ ಮೇಲೊಂದು ಬಂದು ಉಜ್ಜುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಮೋಡ ಹರಿದು ಬಿಸಿಲು ಬಂದಂತೆ ಸಂಗೀತ ತಿಳಿಯಾಗುತ್ತದೆ. ಆ ಮೋಡವೇ ಅಂದಿನವರಿಗೆ ಸಹಿಸದಾಯಿತು. ಸಾರ್ತಿ ಎಂಬ ಹೆಸರುವಾಸಿ ಇಟಲಿಯ ಸಂಗೀತಗಾರ ಈ ಕೃತಿಗಳನ್ನು ಖಂಡಿಸಿ ಒಂದು ಲೇಖನವನ್ನೇ ಬರೆದ. ಅಚ್ಚಿನ ಪ್ರತಿಗಳನ್ನು ಇಟಲಿಗೆ ಕಳುಹಿಸಿದಾಗ, ತಪ್ಪು ಮುದ್ರಣವೆಂದು ಹಿಂದಿರುಗಿಸಿದರೆಂಬ ಕಥೆಯೂ ಉಂಟು. ಇಂದು ಆ ಕೃತಿಯನ್ನು ಮಕ್ಕಳಿಗೂ ಕೇಳಿಸುತ್ತಾರೆ.

ಮನೆಯಲ್ಲಿದ್ದ ಈ ಸಂಗೀತವನ್ನು ಚಂದಾ ಕೊಟ್ಟು ಬಂದ ಸಾರ್ವಜನಿಕರ ಮುಂದೆ ತಂದವನು ಇಗ್ನಾಟ್ಸ್ ಶುಪಾಂಟ್ಸಿಗ್. 1804-05ರ ಚಳಿಗಾಲದಲ್ಲಿ ವಿಯನ್ನಾದಲ್ಲಿ ಅವನು ಚತುಷ್ಟಯದ ಕಛೇರಿಗಳನ್ನು ಏರ್ಪಡಿಸಿದ. ಸ್ಥೂಲಕಾಯದ ಮನುಷ್ಯ, ಬೀಥೋವನ್ ಅವನನ್ನು 'ಫಾಲ್‌ಸ್ಟಾಫ್ ಪ್ರಭು' ಎಂದು ಹಾಸ್ಯಮಾಡುತ್ತಿದ್ದ. ಆ ಹಾಸ್ಯವನ್ನು ನುಂಗಿಕೊಂಡು ಬೀಥೋವನ್ನನ ಕೃತಿಗಳನ್ನು ಬದುಕಿನುದ್ದಕ್ಕೂ ನುಡಿಸಿದವನು ಇವನೇ. ಅವನ ಕಛೇರಿಗಳಲ್ಲಿ ಹೈಡನ್, ಮೋಟ್ಸಾರ್ಟ್, ಬೀಥೋವನ್ ಮೂವರೂ ಇರುತ್ತಿದ್ದರು. ನಮಗೆ ಈಗ ಮೂವರೂ ಹಳಬರು. ಅಂದು ಮೂರನೆಯವನು ಅದೇ ಊರಿನಲ್ಲಿ ಬಾಡಿಗೆಮನೆಯಿಂದ ಬಾಡಿಗೆಮನೆಗೆ ಅಲೆಯುತ್ತಿದ್ದ ಜೀವಂತ ಮನುಷ್ಯ. ಹಳತು ಹೊಸತು ಬೆರೆತ ಕಛೇರಿ ಈಚಿನವರ ಕಲ್ಪನೆಯಲ್ಲ. ಚತುಷ್ಟಯವು ಸಾರ್ವಜನಿಕರ ಮುಂದೆ ಬಂದ ದಿನದಿಂದಲೂ ಅದರ ಪದ್ಧತಿ ಅದೇ.

1806ರಲ್ಲಿ ಬೀಥೋವನ್ ರಷ್ಯದ ರಾಯಭಾರಿ ರಜೂಮೋವ್‌ಸ್ಕಿಗಾಗಿ ಮೂರು ಚತುಷ್ಟಯಗಳನ್ನು ಬರೆದ. ಮೊದಲನೆಯದನ್ನು ನುಡಿಸಲು ಕುಳಿತಾಗ ಶುಪಾಂಟ್ಸಿಗ್‌ನ ಸಂಗಡಿಗರೇ ನಕ್ಕರೆಂದು, ಬೀಥೋವನ್ ತಮಾಷೆ ಮಾಡುತ್ತಿದ್ದಾನೆಂದು ತಿಳಿದರೆಂದು, ಅವನ ಶಿಷ್ಯ ಚೆರ್ನಿ ಹೇಳಿದ್ದಾನೆ. ಇದೂ ಸಂಗೀತವೇ ಎಂದು ಇನ್ನೊಬ್ಬ ಪಿಟೀಲುವಾದಕ ಕೇಳಿದಾಗ, ಇದು ನಿಮಗಲ್ಲ, ಮುಂದಿನ ಕಾಲದವರಿಗೆ ಎಂಬ ಅರ್ಥದ ಉತ್ತರ ಬಂತಂತೆ. ನಕ್ಕವರು ನಕ್ಕು ಸುಮ್ಮನಾಗಲಿಲ್ಲ ಎಂಬುದನ್ನು ಮಾತ್ರ ನಾವು ಮರೆಯಬಾರದು. ಅವರು ಕಲಿತರು, ನುಡಿಸಿದರು. 'ಮುಂದಿನ ಕಾಲ' ತಾನಾಗಿ ಬರುವುದಿಲ್ಲ. ಯಾರಾದರೂ ಅದನ್ನು ಅಭ್ಯಾಸ ಮಾಡಬೇಕು.

ಅಭ್ಯಾಸದ ಬೆಲೆಯೆಷ್ಟೆಂಬುದು 1825ರ ಮಾರ್ಚ್ 6ರಂದು ಕಂಡಿತು. ಬೀಥೋವನ್ನನ 127ನೆಯ ಸಂಖ್ಯೆಯ ಚತುಷ್ಟಯವನ್ನು ಶುಪಾಂಟ್ಸಿಗ್ ಸಾಕಷ್ಟು ತಯಾರಿಯಿಲ್ಲದೆ ನುಡಿಸಿದ, ಕಛೇರಿ ಕೆಟ್ಟಿತು. ಬೀಥೋವನ್ ಸಿಟ್ಟಾಗಿ ಕೃತಿಯನ್ನು ಯೋಸೆಫ್ ಬ್ಯೋಮ್ ಎಂಬ ಬೇರೊಬ್ಬ ವಾದಕನಿಗೆ ಕೊಟ್ಟು, ತಾನೇ ಎದುರು ಕುಳಿತು ಅಭ್ಯಾಸ ಮಾಡಿಸಿದ. ಆ ವೇಳೆಗೆ ಅವನ ಕಿವಿ ಪೂರ್ತಿ ಹೋಗಿತ್ತು. ಕೇಳಲಾರದವನು ಕಮಾನುಗಳ ಓಡಾಟವನ್ನೇ ಕಣ್ಣಿಟ್ಟು ನೋಡಿ, ಲಯದ ಸಣ್ಣ ಏರುಪೇರನ್ನೂ ಹಿಡಿಯುತ್ತಿದ್ದನೆಂದು ಬ್ಯೋಮ್ ಬರೆದಿಟ್ಟಿದ್ದಾನೆ. ಕೊನೆಯ ಭಾಗದ ಒಂದೆಡೆ ಗತಿಯನ್ನು ತಗ್ಗಿಸಬೇಕೆಂದು ಲಿಪಿಯಲ್ಲಿತ್ತು. ಅಲ್ಲಿ ತಗ್ಗಿಸದಿದ್ದರೇ ಚೆನ್ನೆಂದು ಬ್ಯೋಮ್‌ಗೆ ತೋರಿತು, ಹಾಗೆಯೇ ನುಡಿಸಿದರು. ಮೂಲೆಯಲ್ಲಿ ಮುದುರಿ ಕುಳಿತು ನೋಡುತ್ತಿದ್ದ ಬೀಥೋವನ್ ಹಾಗೇ ಇರಲಿ ಎಂದು ಹೇಳಿ, ನಾಲ್ಕೂ ಪೀಠಗಳ ಬಳಿ ಹೋಗಿ ಆ ಸೂಚನೆಯನ್ನು ತನ್ನ ಕೈಯಿಂದಲೇ ಹೊಡೆದುಹಾಕಿದ. ಆಮೇಲೆ ಬ್ಯೋಮ್ ನುಡಿಸಿದಾಗ ಅದೇ ಕೃತಿ ಜನರಿಗೆ ಮೆಚ್ಚುಗೆಯಾಯಿತು. ಕೃತಿ ಬದಲಾಗಿರಲಿಲ್ಲ, ನುಡಿಸಿದವರ ಶ್ರಮ ಬದಲಾಗಿತ್ತು. ಹೊಸ ಸಂಗೀತ ಚೆನ್ನಾಗಿಲ್ಲ ಎಂದು ನಾವು ಹೇಳಿದಾಗಲೆಲ್ಲ, ಕೆಟ್ಟದ್ದು ಸಂಗೀತವೋ ಅದರ ನುಡಿಸುವಿಕೆಯೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಮರುವರ್ಷ, 1826ರ ಮಾರ್ಚ್ 21ರಂದು, ಶುಪಾಂಟ್ಸಿಗ್ ಮತ್ತು ಅವನ ಮೂವರು ಸಂಗಡಿಗರು 130ನೆಯ ಸಂಖ್ಯೆಯ ಕೃತಿಯನ್ನು ಮೊದಲ ಬಾರಿಗೆ ನುಡಿಸಿದರು. ಆರು ಭಾಗಗಳ ಕೃತಿ. ನಡುವಿನ ಎರಡು ಸಣ್ಣ ಭಾಗಗಳನ್ನು ಜನ ಮತ್ತೆ ಮತ್ತೆ ಕೇಳಬಯಸಿದರು. ವಾದಕರು ಎರಡನೆಯ ಸಲ ನುಡಿಸಬೇಕಾಯಿತು. ಕೊನೆಯ ಭಾಗ 741 ಗತಿಗಳ ಮಹಾ ಫ್ಯೂಗ್. ಒಬ್ಬರು ಹಿಡಿದ ಪಲ್ಲವಿಯನ್ನು ಇನ್ನೊಬ್ಬರು ಎತ್ತಿಕೊಂಡು, ನಾಲ್ವರೂ ಬೇರೆ ಬೇರೆ ದಿಕ್ಕಿನಿಂದ ಅದನ್ನು ಬೆನ್ನಟ್ಟುವ ಬಗೆ ಫ್ಯೂಗ್. ಇಲ್ಲಿ ಆ ಬೆನ್ನಟ್ಟುವಿಕೆ ಯುದ್ಧದಷ್ಟು ಉಗ್ರವಾಗಿದೆ. ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಬೀಥೋವನ್ ಕಛೇರಿಗೆ ಹೋಗದೆ ಹತ್ತಿರದ ಪಾನಗೃಹದಲ್ಲಿ ಕಾಯುತ್ತಿದ್ದ. ಎರಡನೆಯ ಪಿಟೀಲಿನ ಹೋಲ್ಟ್ಸ್ ಬಂದು ಯಾವ ಯಾವ ಭಾಗಗಳನ್ನು ಮತ್ತೊಮ್ಮೆ ಕೇಳಿದರೆಂದು ತಿಳಿಸಿದಾಗ, ಫ್ಯೂಗನ್ನು ಏಕೆ ಕೇಳಲಿಲ್ಲ ಎಂದು ಸಿಡುಕಿ, ಸಭಿಕರನ್ನು ದನಗಳು, ಕತ್ತೆಗಳು ಎಂದು ಬೈದನಂತೆ. ಆದರೂ ಪ್ರಕಾಶಕನ ಮಾತಿಗೆ ಒಪ್ಪಿ, ಅದೇ ವರ್ಷದ ಕೊನೆಯಲ್ಲಿ ಆ ಕೃತಿಗೆ ಬೇರೊಂದು ಹಗುರವಾದ ಮುಕ್ತಾಯವನ್ನು ಬರೆದುಕೊಟ್ಟ. ಅವನು ಬರೆದು ಮುಗಿಸಿದ ಕೊನೆಯ ರಚನೆ ಅದು. ಫ್ಯೂಗು 133ನೆಯ ಸಂಖ್ಯೆಯಾಗಿ ಒಂಟಿಯಾಗಿ ಅಚ್ಚಾಯಿತು, 1827ರಲ್ಲಿ; ಅಷ್ಟರಲ್ಲಿ ಬೀಥೋವನ್ ತೀರಿಕೊಂಡಿದ್ದ. ದಶಕಗಳ ಕಾಲ ಅದನ್ನು ನುಡಿಸುವವರೇ ಅಪರೂಪವಾದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ ಸಂಗೀತದ ಪೂರ್ವವೃತ್ತಾಂತ ಇದು.

ಶುಪಾಂಟ್ಸಿಗ್ 1830ರಲ್ಲಿ ತೀರಿಕೊಂಡ. ಆದರೆ ಅವನು ಹಿಡಿದ ಎಳೆ ಕಡಿಯಲಿಲ್ಲ. 1849ರಲ್ಲಿ ಅದೇ ವಿಯನ್ನಾದಲ್ಲಿ ಯೋಸೆಫ್ ಹೆಲ್ಮೆಸ್‌ಬರ್ಗರ್ ತನ್ನ ಚತುಷ್ಟಯವನ್ನು ಕಟ್ಟಿದ. ಷೂಬರ್ಟ್ ಸತ್ತು ಇಪ್ಪತ್ತೆರಡು ವರ್ಷವಾದ ಮೇಲೆ, 1850ರಲ್ಲಿ, ಅವನ ಕೊನೆಯ ಚತುಷ್ಟಯವನ್ನು ಸಾರ್ವಜನಿಕವಾಗಿ ಪೂರ್ತಿ ನುಡಿಸಿ ಕೇಳಿಸಿದವನು ಇವನು. ಅವನ ನಂತರದ ತಲೆಮಾರಿನವನು ಆರ್ನೋಲ್ಡ್ ರೋಜೆ. 1881ರಲ್ಲಿ, ಹದಿನೇಳು ವರ್ಷದ ಹುಡುಗನಾಗಿದ್ದಾಗಲೇ, ಅಲ್ಲಿಯ ಆಸ್ಥಾನ ಸಂಗೀತನಾಟಕ ಶಾಲೆಯ ವಾದ್ಯವೃಂದದ ಮೊದಲ ಪಿಟೀಲಿನ ಪೀಠಕ್ಕೆ ಬಂದ. ಮುಂದೆ ಅವನು ಕಟ್ಟಿದ ಚತುಷ್ಟಯ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನಡೆಯಿತು. 1890ರಲ್ಲಿ ಬ್ರಾಮ್ಸ್ ತನ್ನ ಎರಡನೆಯ ತಂತಿವಾದ್ಯ ಪಂಚಕವನ್ನು ಮೊದಲು ನುಡಿಸಲು ಕೊಟ್ಟಿದ್ದು ಇವರ ಕೈಗೆ. ಊರಿನ ಗಣ್ಯರು ಬೀಥೋವನ್ನನನ್ನು ಕೇಳಲು ಹೋಗುತ್ತಿದ್ದುದು ಇವರ ಬಳಿಗೆ. ಇಂಥ ಪ್ರತಿಷ್ಠೆಯ ಮನುಷ್ಯನಿಗೆ, ಹೆಸರು ಕೆಡಿಸಿಕೊಳ್ಳುವ ಯಾವ ಅವಶ್ಯಕತೆಯೂ ಇರಲಿಲ್ಲ.

ಆದರೂ ಕೆಡಿಸಿಕೊಂಡ. ಆರ್ನೋಲ್ಡ್ ಷೋನ್‌ಬರ್ಗ್ ಎಂಬ, ಬಡತನದಲ್ಲಿ ತನ್ನಷ್ಟಕ್ಕೆ ಕಲಿತ ರಚನಕಾರನ ಕೃತಿಗಳನ್ನು ಅವನು 1902ರಿಂದ ನುಡಿಸತೊಡಗಿದ. 1908ರ ಡಿಸೆಂಬರ್ 21ರಂದು ಬೋಸೆಂಡಾರ್ಫರ್ ಸಭಾಂಗಣದಲ್ಲಿ ಷೋನ್‌ಬರ್ಗನ ಎರಡನೆಯ ಚತುಷ್ಟಯದ ಮೊದಲ ಪ್ರಯೋಗ. ಹಿಂದೊಮ್ಮೆ ಪ್ರಭುಗಳ ಕುದುರೆ ಸವಾರಿಯ ಶಾಲೆಯಾಗಿದ್ದ ಆ ಜಾಗ, ಚತುಷ್ಟಯಕ್ಕೆ ಹೇಳಿಮಾಡಿಸಿದಂತೆ ನಾದ ನಿಲ್ಲುವ ಜಾಗವೆಂದು ಹೆಸರಾಗಿತ್ತು. ಕೃತಿಯ ಕೊನೆಯ ಎರಡು ಭಾಗಗಳಲ್ಲಿ ನಾಲ್ಕು ವಾದ್ಯಗಳ ಜೊತೆಗೆ ಹೆಂಗಸೊಬ್ಬಳ ಕಂಠವೂ ಸೇರುತ್ತದೆ. ಹಾಡಿದವಳು ಮರೀ ಗುಥೈಲ್-ಷೋಡರ್, ಸಾಹಿತ್ಯ ಸ್ಟೆಫಾನ್ ಗೆಯೋರ್ಗೆ ಕವಿಯದು. ಕಡೆಯ ಭಾಗದಲ್ಲಿ ಹಿಂತಿರುಗಿ ಸೇರಲು ಇಂಥದೇ ಎಂಬ ಆಧಾರಸ್ವರವನ್ನು ಆರಂಭದಲ್ಲಿ ಸೂಚಿಸಿಲ್ಲ. ನಮ್ಮ ಕಿವಿಗೆ ಷಡ್ಜವನ್ನೇ ತೆಗೆದುಬಿಟ್ಟರೆ ಹೇಗೋ ಹಾಗೆ. ಮೊದಲ ಭಾಗವನ್ನು ಜನ ಸುಮ್ಮನೆ ಕೇಳಿದರು. ಎರಡನೆಯದರ ನಡುವೆ, ವಿಯನ್ನಾದ ಬೀದಿಯ ಮಕ್ಕಳಿಗೂ ಗೊತ್ತಿದ್ದ 'ಆಗಸ್ಟಿನ್' ಹಾಡಿನ ಧಾಟಿ ಇಣುಕಿದಾಗ ನಗೆ ಹೊರಟಿತು. ನಗೆ ಸಿಳ್ಳಾಯಿತು, ಸಿಳ್ಳು ಕೂಗಾಯಿತು. ರೋಜೆ ಮತ್ತು ಅವನ ಮೂವರು ಕಮಾನು ಕೆಳಗಿಡಲಿಲ್ಲ; ಹಾಡುತ್ತಿದ್ದಾಕೆಯೂ ನಿಲ್ಲಿಸಲಿಲ್ಲ. ಕೊನೆಯ ಕೆಲವು ಗತಿಗಳನ್ನು ಮಾತ್ರ ಸಭೆ ಗಲಾಟೆಯಿಲ್ಲದೆ ಕೇಳಿತೆಂದು, ತನ್ನ ವಿರೋಧಿಗಳಿಗೂ ಅಲ್ಲಿ ಏನೋ ತಟ್ಟಿರಬಹುದೆಂದು, ಷೋನ್‌ಬರ್ಗ್ ಬಹುಕಾಲದ ಮೇಲೆ ನೆನೆದುಕೊಂಡ. ಅಷ್ಟು ಗದ್ದಲದಲ್ಲಿ ಅವನಿಗೆ ದಕ್ಕಿದ್ದು ಆ ನಾಲ್ಕಾರು ಕ್ಷಣಗಳ ಮೌನ.

ಈ ಅನುಭವದಿಂದ ಷೋನ್‌ಬರ್ಗ್ ಒಂದು ಪಾಠ ಕಲಿತ. 1918ರಲ್ಲಿ, ಮಹಾಯುದ್ಧ ಮುಗಿಯುವ ಹೊತ್ತಿನಲ್ಲಿ, ಖಾಸಗಿ ಸಂಗೀತ ಪ್ರಯೋಗಗಳ ಸಂಘವೊಂದನ್ನು ಸ್ಥಾಪಿಸಿದ. ಅದರ ಕಟ್ಟಳೆಗಳು ವಿಚಿತ್ರವಾಗಿದ್ದವು: ಸದಸ್ಯರಿಗೆ ಮಾತ್ರ ಪ್ರವೇಶ, ಪತ್ರಿಕೆಗಳ ವಿಮರ್ಶಕರು ಬರಕೂಡದು, ಚಪ್ಪಾಳೆ ಕೂಡದು, ಸಿಳ್ಳೂ ಕೂಡದು, ಏನು ನುಡಿಸುತ್ತಾರೆಂದು ಮುಂಚಿತವಾಗಿ ತಿಳಿಸುವುದಿಲ್ಲ. ಕೃತಿಯೊಂದನ್ನು ಬೇಕಾದಷ್ಟು ಅಭ್ಯಾಸ ಮಾಡಬೇಕು, ಒಮ್ಮೆ ಕೇಳಿಸಿದ್ದನ್ನು ಮತ್ತೆ ಕೇಳಿಸಬೇಕು. ಎದ್ದು ಹೋಗುವ ನನ್ನಂಥವರಿಗೆ ಮದ್ದು ಅಲ್ಲಿತ್ತು. ಸಂಘ ಮೂರು ವರ್ಷ ನಡೆದು ಹಣದ ಅಭಾವದಿಂದ ನಿಂತಿತು. ಅಲ್ಲಿ ಪಳಗಿದವರಲ್ಲಿ ರುಡಾಲ್ಫ್ ಕೋಲಿಷ್ ಒಬ್ಬ. ಚಿಕ್ಕಂದಿನಲ್ಲಿ ಎಡಗೈ ಬೆರಳಿಗೆ ಪೆಟ್ಟಾಗಿ, ಪಿಟೀಲನ್ನು ಬಲಗೈಯಲ್ಲಿ, ಕಮಾನನ್ನು ಎಡಗೈಯಲ್ಲಿ ಹಿಡಿಯಲು ಹೊಸದಾಗಿ ಕಲಿತವನು. ಅವನ ಚತುಷ್ಟಯ, ಎದುರಿಗೆ ಹಾಳೆಯಿಲ್ಲದೆ ಇಡೀ ಕೃತಿಯನ್ನು ಬಾಯಿಪಾಠದಿಂದ ನುಡಿಸುವುದಕ್ಕೆ ಹೆಸರಾಯಿತು. ನಮ್ಮಲ್ಲಿ ಇದು ಸಾಮಾನ್ಯ. ಅಲ್ಲಿ ಇದೊಂದು ಸಾಹಸ. ಹಳೆಯ ಮೋಟ್ಸಾರ್ಟನನ್ನೂ ಹೊಸ ಬಾರ್ಟೋಕನನ್ನೂ ಅವರು ಒಂದೇ ಶ್ರದ್ಧೆಯಿಂದ ಕಂಠಸ್ಥ ಮಾಡಿದರು.

ಇಷ್ಟರಲ್ಲಿ ಯೂರೋಪಿನ ಹವೆ ಕೆಟ್ಟಿತ್ತು. ಯೆಹೂದ್ಯನಾದ ಷೋನ್‌ಬರ್ಗ್ 1933ರಲ್ಲಿ ಬರ್ಲಿನ್ನಿನ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡು ಅಮೆರಿಕಕ್ಕೆ ಹೋದ. 1937ರ ಜನವರಿಯಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಕೋಲಿಷ್ ಚತುಷ್ಟಯದ ನಾಲ್ಕು ಕಛೇರಿಗಳು ನಡೆದವು. ಎಲಿಜಬೆತ್ ಸ್ಪ್ರಾಗ್ ಕೂಲಿಜ್ ಎಂಬ ದಾನಿಯಾದ ಮಹಿಳೆ ಅದಕ್ಕೆ ನೆರವಾದಳು. ಷೋನ್‌ಬರ್ಗನ ನಾಲ್ಕು ಚತುಷ್ಟಯಗಳು. ಅವುಗಳ ಜೊತೆಯಲ್ಲಿ ಬೀಥೋವನ್ನನ ಕೊನೆಗಾಲದ ಚತುಷ್ಟಯಗಳು. ಷೋನ್‌ಬರ್ಗನ ನಾಲ್ಕನೆಯದು ಅಲ್ಲಿಯೇ ಮೊದಲ ಬಾರಿಗೆ ಕೇಳಿಬಂತು. ಅದೇ ಸಮಯದಲ್ಲಿ, ಸಿನಿಮಾ ಸಂಗೀತ ಮುದ್ರಿಸುವ ಸ್ಟುಡಿಯೊ ಒಂದರಲ್ಲಿ ಆ ನಾಲ್ಕನ್ನೂ ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದರು. ಅವುಗಳಲ್ಲಿ ವಾದಕರ ನುಡಿಸಾಣಿಕೆಯ ಜೊತೆಗೆ ಅವರ ಮತ್ತು ಷೋನ್‌ಬರ್ಗನ ಮಾತುಗಳೂ ಉಳಿದಿವೆ.

ಈ ನಾಲ್ಕು ಕಛೇರಿಗಳ ಪಟ್ಟಿಯನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಹೊಸದನ್ನು ನುಂಗಿಸುವುದಕ್ಕೆ ಹಳೆಯದನ್ನು ಬೆಲ್ಲದಂತೆ ಸವರುವ ಜಾಣತನ ಅದಲ್ಲ. ಹಾಗಿದ್ದರೆ ಬೀಥೋವನ್ನನ ಸುಲಭದ ಕೃತಿಗಳನ್ನು ಆರಿಸಬಹುದಿತ್ತು. ಆರಿಸಿದ್ದು, ಅವನ ಕಾಲದವರಿಗೆ ಎಲ್ಲಕ್ಕಿಂತ ಕಷ್ಟವೆನಿಸಿದವನ್ನು. ಒಂದರ ಪಕ್ಕದಲ್ಲಿ ಒಂದನ್ನಿಟ್ಟಾಗ ಹೊಸದಕ್ಕೆ ಒಂದು ಕುಲ ಕಾಣುತ್ತದೆ. ಹಳೆಯದಕ್ಕೆ ತಾನು ಒಮ್ಮೆ ಎಷ್ಟು ಅಪಾಯಕಾರಿಯಾಗಿದ್ದೆನೆಂಬ ನೆನಪು ಮರಳುತ್ತದೆ. ಎರಡಕ್ಕೂ ಲಾಭವೇ.

ಮರುವರ್ಷವೇ, 1938ರ ಮಾರ್ಚಿಯಲ್ಲಿ, ಹಿಟ್ಲರನ ಸೈನ್ಯ ವಿಯನ್ನಾಕ್ಕೆ ಬಂತು. ಐವತ್ತೇಳು ವರ್ಷ ಸೇವೆ ಮಾಡಿದ ರೋಜೆಯನ್ನು ಯೆಹೂದ್ಯನೆಂಬ ಒಂದೇ ಕಾರಣಕ್ಕೆ ಹೊರಹಾಕಿದರು. ಆ ವರ್ಷವೇ ಹೆಂಡತಿ ತೀರಿಕೊಂಡಳು. 1939ರಲ್ಲಿ, ಎಪ್ಪತ್ತೈದು ವರ್ಷದ ಮುದುಕ ಲಂಡನ್ನಿಗೆ ಹೋಗಿ ಸೇರಿದ. ಅವನ ಹಳೆಯ ಚೆಲ್ಲೊ ಸಂಗಾತಿ ಬುಕ್ಸ್‌ಬೌಮ್ ಕೂಡ ಅಲ್ಲಿಗೆ ಬಂದಿದ್ದ. ಇಬ್ಬರೂ ಅಲ್ಲಿಯೂ ಚತುಷ್ಟಯ ನುಡಿಸಿದರು. ರೋಜೆಯ ಮಗಳು ಆಲ್ಮಾ ಪಿಟೀಲುವಾದಕಿ. ಆಕೆ ಸಂಪಾದನೆಗಾಗಿ ಹಾಲೆಂಡಿಗೆ ಹೋದವಳು ಯುದ್ಧದಲ್ಲಿ ಸಿಕ್ಕಿಬಿದ್ದು, ಆಷ್‌ವಿಟ್ಸ್ ಸೆರೆಶಿಬಿರಕ್ಕೆ ಒಯ್ಯಲ್ಪಟ್ಟು, ಅಲ್ಲಿಯ ಹೆಂಗಸರ ವಾದ್ಯವೃಂದವನ್ನು ನಡೆಸಿ, 1944ರ ಏಪ್ರಿಲಿನಲ್ಲಿ ಅಲ್ಲಿಯೇ ಸತ್ತಳು. ತಂದೆ 1946ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಬೀಥೋವನ್ನನಿಗೆ ಪ್ರತಿಮೆ ನಿಲ್ಲಿಸಿದ ಊರು, ಬೀಥೋವನ್ನನನ್ನು ಜೀವಂತವಾಗಿಟ್ಟಿದ್ದವರನ್ನು ಓಡಿಸಿತು. ಪ್ರತಿಮೆ ಅಲ್ಲಿಯೇ ಉಳಿಯಿತು. ಸಂಗೀತ ಓಡಿಸಿದವರ ಜೊತೆಯಲ್ಲಿ ಹೊರಟುಹೋಯಿತು. ಪರಂಪರೆಯೆಂಬುದು ಕಟ್ಟಡದಲ್ಲಿಯೋ ಪುಸ್ತಕದಲ್ಲಿಯೋ ಇರುವುದಿಲ್ಲ, ನಾಲ್ಕು ಜನರ ಕೈಯಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಹೊಸದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಶುಪಾಂಟ್ಸಿಗ್‌ನ ಕಾಲದಲ್ಲಿ ಬರೆದ ಎಷ್ಟೋ ಚತುಷ್ಟಯಗಳು ಧೂಳು ಸೇರಿವೆ, ಸೇರಿದ್ದು ನ್ಯಾಯವೇ ಇರಬಹುದು. ಷೋನ್‌ಬರ್ಗನ ಎರಡನೆಯ ಚತುಷ್ಟಯ ಇಂದಿಗೂ ಎಲ್ಲರಿಗೂ ಪ್ರಿಯವಾಗಿಲ್ಲ. ನನಗೂ ಅದರ ಎಲ್ಲ ಭಾಗಗಳೂ ಒಲಿದಿಲ್ಲ. ಆದರೆ ಜೊಳ್ಳು ಯಾವುದು, ಕಾಳು ಯಾವುದು ಎಂದು ತೂರುವುದಕ್ಕೆ ಮೊದಲು ತೆನೆಯನ್ನು ಕಣಕ್ಕೆ ತರಬೇಕಷ್ಟೆ. ನುಡಿಸುವವರು ತರುತ್ತಾರೆ. ಕೇಳುವವರು ಕಣದ ಬಳಿ ನಿಲ್ಲಬೇಕು. 1826ರಲ್ಲಿ ಫ್ಯೂಗನ್ನು ತಿಳಿಯದೆಯೂ ಕೊನೆಯವರೆಗೆ ಕುಳಿತವರಿದ್ದರು. ಅವರಲ್ಲಿ ಯಾರ ಹೆಸರೂ ನಮಗೆ ಬೇಕಾಗಿಲ್ಲ. ಅವರ ಋಣ ಮಾತ್ರ ನಮ್ಮ ಮೇಲಿದೆ.

ಈಗ ನಾನು ಅಂಥ ಕಛೇರಿಗಳಿಗೆ ಹೋದರೆ ನಡುವಿನ ಕೃತಿಗೆ ಏಳುವುದಿಲ್ಲ. ತಿಳಿಯದಿದ್ದರೆ ಬೀಥೋವನ್ ಮಾಡಿದಂತೆ ಕಮಾನುಗಳನ್ನು ನೋಡುತ್ತ ಕುಳಿತಿರುತ್ತೇನೆ. ಎಷ್ಟೋ ಸಲ ಏನೂ ದಕ್ಕುವುದಿಲ್ಲ. ಒಂದೊಂದು ಸಲ ದಕ್ಕುತ್ತದೆ.

ಅಂದು ನಾನು ಬಿಟ್ಟು ಬಂದ ಕೃತಿ ಯಾವುದೆಂದು ತಿಳಿಯಲು ಆಮೇಲೆ ಪ್ರಯತ್ನಿಸಿದೆ. ಪಟ್ಟಿಯ ಕಾಗದ ಎಲ್ಲಿಯೋ ಕಳೆದುಹೋಗಿತ್ತು. ಹೈಡನ್ ನೆನಪಿದೆ, ಬೀಥೋವನ್ ನೆನಪಿದೆ, ಕಾಫಿಯ ರುಚಿ ಕೂಡ ನೆನಪಿದೆ. ಆ ನಡುವಿನವರ ಹೆಸರು ನೆನಪಿಲ್ಲ.